ಶಿಶುವಿನ ಮುಖಪರಿಜ್ಞಾನ: ಕುರುಹಿನಿಂದ ಅರಿವಿಗೆ

ಮನೆಯಲ್ಲಿ ಕೂಸು ಹುಟ್ಟಿದಾಗ ನೆರೆಹೊರೆಯವರು ಬಂದು ಕೇಳುವ ಮೊದಲ ಮಾತುಗಳಲ್ಲಿ ‘ಮುಖ ಯಾರ ಹಾಗಿದೆ?’ ಎಂಬುದೂ ಒಂದು. ತಂದೆಯ ಮೂಗು, ತಾಯಿಯ ಹಣೆ, ಅಜ್ಜನ ಗದ್ದ ಎಂದು ಹಿರಿಯರು ಕೂಸಿನ ಮುಖವನ್ನು ಓದತೊಡಗುತ್ತಾರೆ. ಅದೇ ಗಳಿಗೆಯಲ್ಲಿ ಕೂಸೂ ಹಿರಿಯರ ಮುಖಗಳನ್ನು ಓದಲು ತೊಡಗಿರುತ್ತದೆ ಎಂಬ ಸಂಗತಿ ಮಾತ್ರ ಬಹುಕಾಲ ಲೋಕದ ಗಮನಕ್ಕೆ ಬಂದಿರಲಿಲ್ಲ. ನವಜಾತ ಶಿಶುವಿಗೆ ಹಸಿವು, ನಿದ್ರೆ, ಅಳು ಇವುಗಳ ಹೊರತು ಬೇರೇನೂ ತಿಳಿಯದೆಂದೇ ಸಾಮಾನ್ಯರ ನಂಬಿಕೆ. ವಿದ್ವಾಂಸರ ಎಣಿಕೆಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರು 1890ರ ತಮ್ಮ ಗ್ರಂಥದಲ್ಲಿ ಶಿಶುವಿನ ಪ್ರಥಮಾನುಭವವನ್ನು ಒಂದರಿಂದೊಂದನ್ನು ಬೇರ್ಪಡಿಸಲಾಗದ ಮಹಾ ಗೊಂದಲವೆಂದೇ ಬಗೆದರು. ಕಳೆದ ಆರು ದಶಕಗಳ ಪ್ರಯೋಗಗಳು ಈ ಎಣಿಕೆಯನ್ನು ತಿದ್ದಿವೆ. ಈ ವಿಷಯವು ಕೇವಲ ಕುತೂಹಲದ್ದಲ್ಲ. ಮಕ್ಕಳ ಪಾಲನೆಗೂ ಕಣ್ಣಿನ ರಕ್ಷಣೆಗೂ ನಿಕಟವಾಗಿ ಸಂಬಂಧಿಸಿದುದಾದುದರಿಂದ ತಂದೆತಾಯಿಗಳೂ ಶಿಕ್ಷಕರೂ ಇದನ್ನು ಅರಿತಿರುವುದು ಯುಕ್ತ.

ಮೊದಲು ‘ಗುರುತಿಸುವುದು’ ಎಂದರೇನೆಂಬುದನ್ನು ವಿಚಾರಿಸಬೇಕು. ನಮ್ಮ ಶಾಸ್ತ್ರಕಾರರು ಇದಕ್ಕೆ ‘ಪ್ರತ್ಯಭಿಜ್ಞೆ’ ಎಂದು ಹೆಸರಿಟ್ಟರು. ಹಿಂದೆ ಕಂಡ ದೇವದತ್ತನನ್ನು ಮತ್ತೊಂದೆಡೆ ಕಂಡು, ಆತನೇ ಈತನೆಂದು ತಿಳಿಯುವುದು ಅದಕ್ಕೆ ಅವರು ಕೊಡುವ ಪ್ರಸಿದ್ಧ ದೃಷ್ಟಾಂತ. ಇಲ್ಲಿ ಎರಡು ಅಂಶಗಳು ಕೂಡಿವೆ: ಈಗ ಕಣ್ಣೆದುರಿಗಿರುವುದರ ಪ್ರತ್ಯಕ್ಷ, ಹಿಂದೆ ಕಂಡುದರ ಸಂಸ್ಕಾರ. ಸಂಸ್ಕಾರವಿಲ್ಲದೆ ಪ್ರತ್ಯಭಿಜ್ಞೆಯಿಲ್ಲ. ಹಾಗಾದರೆ ಈಗತಾನೆ ಹುಟ್ಟಿದ, ಯಾವ ಮುಖವನ್ನೂ ಹಿಂದೆ ಕಾಣದ ಶಿಶುವಿಗೆ ಮುಖದ ಅರಿವು ಎಲ್ಲಿಂದ ಮೊದಲಾಗುತ್ತದೆ? ಇದೇ ಪ್ರಕೃತ ಪ್ರಶ್ನೆ. ಶರಣರ ಪರಿಭಾಷೆಯಲ್ಲಿ ‘ಕುರುಹು’ ಮತ್ತು ‘ಅರಿವು’ ಎಂಬ ಎರಡು ಪದಗಳಿವೆ. ಕುರುಹನ್ನು ಹಿಡಿದು ಅರಿವಿಗೆ ಸಾಗುವುದು ಅವರ ಮಾರ್ಗ. ಅದು ಪಾರಮಾರ್ಥಿಕವಾದ ಮಾತು. ಆದರೂ ಶಿಶುವಿನ ಮುಖಪರಿಚಯದ ಕ್ರಮವನ್ನು ವಿವರಿಸಲು ಈ ಎರಡು ಪದಗಳಿಗಿಂತ ಒಪ್ಪುವ ಪದಗಳು ದೊರೆಯಲಾರವು.

ಶಿಶುವಿಗೆ ಹುಟ್ಟಿದಾಗಲೇ ದೃಷ್ಟಿಯಿರುತ್ತದೆ. ಆದರೆ ಅದು ಮಸುಕಾದ ದೃಷ್ಟಿ. ವಯಸ್ಕರು 400 ಅಡಿ ದೂರದಿಂದ ಬೇರ್ಪಡಿಸಿ ಕಾಣಬಲ್ಲ ವಿವರವನ್ನು ಅದು ಸ್ಥೂಲವಾಗಿ 20 ಅಡಿಯಷ್ಟು ಹತ್ತಿರದಿಂದ ಮಾತ್ರ ಕಾಣಬಲ್ಲುದು. ದೂರದ ಗೋಡೆ, ಬಾಗಿಲು, ಜನ ಎಲ್ಲವೂ ಅದಕ್ಕೆ ಮಂಜಿನೊಳಗಿನ ಆಕೃತಿಗಳಂತೆ. ಅದಕ್ಕೆ ತಕ್ಕಮಟ್ಟಿಗೆ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವ ವಸ್ತು. ತಾಯಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎದೆಹಾಲು ಕುಡಿಸುವಾಗ ಅವಳ ಮುಖಕ್ಕೂ ಕೂಸಿನ ಕಣ್ಣಿಗೂ ನಡುವಿನ ಅಂತರವು ಹೆಚ್ಚುಕಡಮೆ ಅಷ್ಟೇ ಇರುತ್ತದೆ. ದಿನಕ್ಕೆ ಹಲವು ಬಾರಿ, ಹಸಿವು ತಣಿಯುವ ಹಿತವಾದ ವೇಳೆಯಲ್ಲಿಯೇ, ತಾಯಿಯ ಮುಖವು ಶಿಶುವಿನ ದೃಷ್ಟಿಯ ಆ ಕಿರಿದಾದ ವಲಯದೊಳಕ್ಕೆ ಬರುತ್ತದೆ.

ಮಾತು ಬಾರದ ಕೂಸು ಏನನ್ನು ಕಾಣುತ್ತದೆಂದು ತಿಳಿಯುವುದು ಹೇಗೆ? ಇದಕ್ಕೊಂದು ಸರಳವಾದ ಉಪಾಯವನ್ನು ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ಫ್ಯಾಂಟ್ಸ್. ಅವರು ಕೂಸನ್ನು ಒಂದು ಪುಟ್ಟ ಗೂಡಿನಂತಹ ಮಂಚದಲ್ಲಿ ಅಂಗಾತ ಮಲಗಿಸಿ, ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ತೂಗಹಾಕಿ, ಒಂದು ಸಣ್ಣ ರಂಧ್ರದ ಮೂಲಕ ಕೂಸಿನ ಕಣ್ಣನ್ನು ಪರೀಕ್ಷಿಸಿದರು. ಕೂಸು ನೋಡುತ್ತಿರುವ ಚಿತ್ರದ ಪ್ರತಿಬಿಂಬವು ಕಣ್ಣಿನ ನಡುಗಪ್ಪಿನ ಮೇಲೆ ಬೀಳುತ್ತದೆ. ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿತೆಂದು ಅಳೆದರೆ ಅದರ ಒಲವು ತಿಳಿಯುತ್ತದೆ. ಕನ್ನಡದಲ್ಲಿ ಆ ನಡುಗಪ್ಪನ್ನು ‘ಪಾಪೆ’ ಎನ್ನುತ್ತಾರೆ. ಪಾಪೆಯೆಂದರೆ ಬೊಂಬೆಯೆಂದೂ ಅರ್ಥವುಂಟು. ಎದುರಿಗಿರುವವರ ಪುಟ್ಟ ರೂಪವು ಅಲ್ಲಿ ಬೊಂಬೆಯಂತೆ ಹೊಳೆಯುವುದನ್ನು ನಮ್ಮ ಪೂರ್ವಿಕರೂ ಕಂಡಿದ್ದರೆನ್ನಬೇಕು. ಫ್ಯಾಂಟ್ಸ್ ಅವರು 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎಳೆಯ ಶಿಶುಗಳು ಬರಿದಾದ ಬಣ್ಣದ ಹಲಗೆಗಿಂತ ಆಕೃತಿಯುಳ್ಳುದನ್ನು, ಅದರಲ್ಲಿಯೂ ಮುಖದ ಚಿತ್ರವನ್ನು, ಹೆಚ್ಚು ಹೊತ್ತು ನೋಡುತ್ತವೆಂದು ತೋರಿಸಿದರು.

ಇಷ್ಟರಿಂದ ಹುಟ್ಟುಗುಣ ಯಾವುದು, ಕಲಿತದ್ದು ಯಾವುದು ಎಂಬುದು ತೀರ್ಮಾನವಾಗಲಿಲ್ಲ. ಕೆಲವು ವಾರಗಳ ಕೂಸು ಅಷ್ಟರಲ್ಲಿಯೇ ಅನೇಕ ಮುಖಗಳನ್ನು ಕಂಡಿರುತ್ತದೆ. ಆದುದರಿಂದ ಗೋರೆನ್ ಮತ್ತು ಅವರ ಸಂಗಡಿಗರು 1975ರಲ್ಲಿ ಹುಟ್ಟಿ ಸುಮಾರು ಒಂಬತ್ತು ನಿಮಿಷಗಳಷ್ಟೇ ಆಗಿದ್ದ 40 ಶಿಶುಗಳನ್ನು ಪರೀಕ್ಷಿಸಿದರು. ತಲೆಯ ಆಕಾರದ ಹಲಗೆಗಳಲ್ಲಿ ಒಂದರ ಮೇಲೆ ಕಣ್ಣು, ಮೂಗು, ಬಾಯಿ ಸರಿಯಾದ ಸ್ಥಾನಗಳಲ್ಲಿದ್ದವು, ಬೇರೆ ಹಲಗೆಗಳಲ್ಲಿ ಅವೇ ಅವಯವಗಳು ಅಸ್ತವ್ಯಸ್ತವಾಗಿದ್ದವು, ಮತ್ತೊಂದು ಬರಿದಾಗಿತ್ತು. ಹಲಗೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಾಗ ಶಿಶುಗಳು ಮುಖದಂತಿದ್ದುದನ್ನೇ ಹೆಚ್ಚು ದೂರದವರೆಗೆ ಕಣ್ಣು ಮತ್ತು ತಲೆ ತಿರುಗಿಸಿ ಅನುಸರಿಸಿದವು. ಮಾರ್ಕ್ ಜಾನ್ಸನ್, ಜಾನ್ ಮಾರ್ಟನ್ ಮೊದಲಾದ ಬ್ರಿಟಿಷ್ ವಿಜ್ಞಾನಿಗಳು 1991ರಲ್ಲಿ ಇಂತಹ ಪ್ರಯೋಗವನ್ನು ಮತ್ತೆ ನಡೆಸಿದಾಗಲೂ ಮುಖದತ್ತ ಒಲವು ಕಂಡುಬಂದಿತು. ಅವರ ಸಿದ್ಧಾಂತ ಹೀಗಿದೆ: ಮೇಲೆ ಎರಡು ಕಪ್ಪು ಚುಕ್ಕೆ, ಕೆಳಗೆ ಒಂದು ಚುಕ್ಕೆ ಎಂಬಷ್ಟು ಸ್ಥೂಲವಾದ ಮುಖರೇಖೆಯತ್ತ ತಿರುಗುವ ಪ್ರವೃತ್ತಿಯು ಶಿಶುವಿಗೆ ಹುಟ್ಟಿನೊಡನೆಯೇ ಬರುತ್ತದೆ. ಈ ಪ್ರವೃತ್ತಿಯು ಯಾರ ಮುಖವನ್ನೂ ಗುರುತಿಸಲಾರದು; ಅದು ಕಣ್ಣನ್ನು ಮುಖದ ಕಡೆಗೆ ತಿರುಗಿಸುತ್ತದೆ, ಅಷ್ಟೆ. ಹಾಗೆ ತಿರುಗಿದ ಕಣ್ಣಿನಿಂದ ದಿನದಿನವೂ ಕಲಿಯುವ ಎರಡನೆಯ ಶಕ್ತಿಯು ಮುಂದೆ ಮುಖಗಳ ನಿಜವಾದ ಪರಿಚಯವನ್ನು ಮಾಡಿಕೊಳ್ಳುತ್ತದೆ. ಮೊದಲನೆಯದು ಕುರುಹು, ಎರಡನೆಯದು ಅರಿವು.

ಈ ಸಿದ್ಧಾಂತಕ್ಕೆ ಪ್ರತಿಪಕ್ಷವಿಲ್ಲದೆ ಇಲ್ಲ. ಇಟಲಿಯ ಪಾದುವಾ ವಿಶ್ವವಿದ್ಯಾನಿಲಯದ ಸಂಶೋಧಕರು, ಶಿಶುವಿನ ಒಲವು ಮುಖಕ್ಕೇ ಮೀಸಲಾದುದಲ್ಲ, ಮೇಲ್ಭಾಗದಲ್ಲಿ ಹೆಚ್ಚು ಗುರುತುಗಳುಳ್ಳ ಯಾವ ಆಕೃತಿಯನ್ನಾದರೂ ಅದು ಮೆಚ್ಚುತ್ತದೆ ಎಂದು ವಾದಿಸಿದರು. ಈ ವಾದವು ಪೂರ್ಣವಾಗಿ ಇತ್ಯರ್ಥವಾಗಿಲ್ಲ. ಆದರೆ ಹುಟ್ಟುಗುಣವು ಸ್ಥೂಲವಾದುದು, ಉಳಿದುದು ಅನುಭವದಿಂದ ಬರತಕ್ಕದ್ದು ಎಂಬ ಅಂಶದಲ್ಲಿ ಉಭಯ ಪಕ್ಷಗಳಿಗೂ ವಿರೋಧವಿಲ್ಲ. ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಹುಟ್ಟಿ ಎರಡರಿಂದ ಐದು ದಿನಗಳಾದ ಶಿಶುಗಳಿಗೆ ತಮ್ಮನ್ನೇ ನೆಟ್ಟಗೆ ನೋಡುವ ಕಣ್ಣುಗಳುಳ್ಳ ಮುಖವನ್ನೂ ಪಕ್ಕಕ್ಕೆ ನೋಡುವ ಕಣ್ಣುಗಳುಳ್ಳ ಮುಖವನ್ನೂ ತೋರಿಸಿದಾಗ, ಅವು ನೆಟ್ಟನೋಟದ ಮುಖವನ್ನೇ ಹೆಚ್ಚು ಹೊತ್ತು ನೋಡಿದುದನ್ನು ತೆರೆಸಾ ಫರ‍್ರೋನಿ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು.

ಇನ್ನು ತಾಯಿಯ ಮುಖದ ವಿಚಾರ. ಫ್ರಾನ್ಸಿನ ಒಲಿವಿಯೆ ಪಾಸ್ಕಾಲಿಸ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ದಿನದ ಶಿಶುಗಳ ಎದುರಿಗೆ ತಾಯಿಯ ಮುಖವನ್ನೂ ಅಪರಿಚಿತ ಸ್ತ್ರೀಯೊಬ್ಬಳ ಮುಖವನ್ನೂ ತೋರಿಸಲಾಯಿತು. ಶಿಶುಗಳು ತಾಯಿಯ ಮುಖವನ್ನೇ ಹೆಚ್ಚು ನೋಡಿದವು. ಆದರೆ ಇಬ್ಬರೂ ಕೂದಲಂಚು ಮರೆಯಾಗುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡಾಗ ಆ ಒಲವು ಕಾಣಲಿಲ್ಲ. ಅಷ್ಟು ಎಳೆಯ ಕೂಸು ತಾಯಿಯನ್ನು ಗುರುತಿಸುವುದು ಕಣ್ಣು ಮೂಗುಗಳ ವಿವರದಿಂದಲ್ಲ, ಹಣೆ ಮತ್ತು ಕೂದಲು ಸಂಧಿಸುವ ಹೊರಗೆರೆಯಿಂದ ಎಂಬುದು ಇದರಿಂದ ಸಿದ್ಧವಾಯಿತು. ನಮ್ಮ ಮನೆಗಳಲ್ಲಿ ಬಾಣಂತಿಯು ತಲೆಗೂ ಕಿವಿಗೂ ಬಟ್ಟೆ ಕಟ್ಟಿಕೊಳ್ಳುವುದು ವಾಡಿಕೆ. ಇದನ್ನೋದಿ ಯಾರೂ ಆತಂಕಪಡಬೇಕಾದುದಿಲ್ಲ. ಮೊದಲಿನಿಂದಲೂ ಹಾಗೆಯೇ ಕಂಡ ಕೂಸಿಗೆ ಆ ಬಟ್ಟೆಯ ಅಂಚೇ ಕುರುಹಾಗುವುದು ಸಂಭವ. ಅದೂ ಅಲ್ಲದೆ ಕೂಸಿಗೆ ತಾಯಿಯ ಕುರುಹು ಕಣ್ಣೊಂದರಿಂದಲೇ ಬರುವುದಿಲ್ಲ.

ಗರ್ಭದಲ್ಲಿರುವಾಗಲೇ ಶಿಶುವು ತಾಯಿಯ ಧ್ವನಿಯನ್ನು ಕೇಳುತ್ತಿರುತ್ತದೆ. ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಅಮೆರಿಕದ ವಿಜ್ಞಾನಿಗಳು, ಹುಟ್ಟಿ ಮೂರು ದಿನಗಳೊಳಗಿನ ಶಿಶುಗಳು ತಾಯಿಯ ಧ್ವನಿಯನ್ನು ಕೇಳುವುದಕ್ಕಾಗಿ ತಾವು ಚೀಪುವ ಗತಿಯನ್ನೇ ಬದಲಾಯಿಸಿಕೊಳ್ಳುತ್ತವೆಂದು 1980ರಲ್ಲಿ ತೋರಿಸಿದರು. ಈ ಧ್ವನಿಗೂ ಮುಖಪರಿಚಯಕ್ಕೂ ಗಾಢವಾದ ನಂಟುಂಟು. ಸೈ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿದ ಮೇಲೆ ತಾಯಿಯ ಮುಖವನ್ನು ಕಂಡು ಧ್ವನಿಯನ್ನೂ ಕೇಳಿದ್ದ ಶಿಶುಗಳು ಆಕೆಯ ಮುಖದತ್ತ ಒಲವು ತೋರಿದವು. ಮುಖವನ್ನು ಕಂಡಿದ್ದರೂ ಧ್ವನಿಯನ್ನು ಕೇಳದಿದ್ದವು ತೋರಲಿಲ್ಲ. ಗರ್ಭದಲ್ಲಿ ಕೇಳಿದ ಧ್ವನಿಯು ಹೊರಗೆ ಬಂದಮೇಲೆ ಯಾವ ಮುಖದಿಂದ ಹೊರಡುತ್ತದೆಯೋ ಆ ಮುಖವನ್ನು ಕೂಸು ತನ್ನದಾಗಿಸಿಕೊಳ್ಳುತ್ತದೆ. ‘ಅದಕ್ಕೇನು ತಿಳಿಯುತ್ತದೆ’ ಎನ್ನುವವರ ನಡುವೆಯೂ ನಮ್ಮ ಅಜ್ಜಿಯಂದಿರು ಹಸುಗೂಸಿನೊಡನೆ ಮುಖಕ್ಕೆ ಮುಖ ಕೊಟ್ಟು ಮಾತನಾಡುತ್ತಲೇ ಬಂದರು. ಅವರ ನಡತೆ ಸಾರ್ಥಕವಾದುದೆಂದು ಇದರಿಂದ ತಿಳಿಯುತ್ತದೆ.

ಒಂದು ತಿಂಗಳ ಕೂಸು ಮುಖದ ಹೊರ ಅಂಚನ್ನೇ ಹೆಚ್ಚಾಗಿ ದಿಟ್ಟಿಸುತ್ತದೆ. ಎರಡು ತಿಂಗಳು ತುಂಬುವ ವೇಳೆಗೆ ಅದರ ನೋಟವು ಒಳಕ್ಕೆ ಸರಿದು ಕಣ್ಣುಗಳ ಮೇಲೆ ನಿಲ್ಲುತ್ತದೆ. ‘ಕೂಸಿನ ದೃಷ್ಟಿ ನಿಂತಿತು’ ಎಂದು ಹಿರಿಯರು ಹೇಳುವ ಕಾಲ ಹೆಚ್ಚುಕಡಮೆ ಇದೇ. ನಿದ್ರೆಯಲ್ಲಿ ಹಸುಗೂಸು ನಕ್ಕರೆ ದೇವರು ನಗಿಸುತ್ತಾನೆಂದು ಹೇಳುವುದುಂಟು. ಎದುರಿನ ಮುಖವನ್ನು ಕಂಡು ನಗುವ ನಗೆಯಾದರೋ ಆರರಿಂದ ಎಂಟು ವಾರಗಳ ಹೊತ್ತಿಗೆ ತೋರುತ್ತದೆ. ಅಲ್ಲಿಂದ ಮುಂದೆ ಮುಖವೆಂಬುದು ನೋಡುವ ವಸ್ತು ಮಾತ್ರವಲ್ಲದೆ ಉತ್ತರ ಕೊಡುವ ಜೀವವಾಗುತ್ತದೆ. ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಂದಿರು ಸ್ವಲ್ಪ ಹೊತ್ತು ಯಾವ ಭಾವವನ್ನೂ ತೋರದೆ ಕೂಸಿನ ಮುಂದೆ ಸುಮ್ಮನೆ ಕುಳಿತರು. ಕೂಸುಗಳು ಮೊದಲು ತಾಯಿಯನ್ನು ಒಲಿಸಲು ಯತ್ನಿಸಿ, ಫಲಿಸದಿದ್ದಾಗ ಮುಖ ತಿರುಗಿಸಿಕೊಂಡವು. ಮೊಬೈಲು ಹಿಡಿದು ಕುಳಿತ ತಂದೆತಾಯಿಗಳು ಇದನ್ನು ನೆನೆಯುವುದು ಒಳಿತು. ಒಂದು ವರ್ಷದೊಳಗಿನ ಕೂಸಿಗೆ ಪರದೆಯ ಚಿತ್ರಗಳನ್ನು ತೋರಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಸಲಹೆ ಮಾಡಿತು.

ಮುಖವನ್ನು ಗುರುತಿಸುವುದೆಂದರೆ ಅವಯವಗಳನ್ನು ಬಿಡಿಬಿಡಿಯಾಗಿ ಅರಿಯುವುದಷ್ಟೇ ಅಲ್ಲ. ‘ರಸ’ ಎಂಬ ಪದದಲ್ಲಿಯೂ ‘ಸರ’ ಎಂಬ ಪದದಲ್ಲಿಯೂ ಇರುವ ಅಕ್ಷರಗಳು ಅವೇ. ಜೋಡಣೆ ಬೇರೆಯಾದುದರಿಂದ ಪದವೇ ಬೇರೆಯಾಯಿತು. ಮುಖಗಳಲ್ಲಿ ವ್ಯತ್ಯಾಸವು ಇದಕ್ಕಿಂತಲೂ ಸೂಕ್ಷ್ಮ. ಎಲ್ಲರಿಗೂ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಅವುಗಳ ಸ್ಥಾನಕ್ರಮವೂ ಒಂದೇ. ಕಣ್ಣುಗಳ ನಡುವಿನ ಅಂತರ, ಮೂಗಿಗೂ ತುಟಿಗೂ ಇರುವ ದೂರ ಮೊದಲಾದ ಅತ್ಯಲ್ಪ ಭೇದಗಳಿಂದ ಒಬ್ಬನು ಮತ್ತೊಬ್ಬನಿಂದ ಬೇರೆಯಾಗಿ ತೋರುತ್ತಾನೆ. ಈ ಅಂತರಗಳನ್ನು ಒಂದೇ ನೋಟದಲ್ಲಿ ಸಮಗ್ರವಾಗಿ ಗ್ರಹಿಸುವ ಕೌಶಲವು ನಿಧಾನವಾಗಿ ಪಕ್ವವಾಗುತ್ತದೆ.

ಈ ಪಕ್ವತೆಯ ಜೊತೆಗೆ ಒಂದು ನಷ್ಟವೂ ಸಂಭವಿಸುತ್ತದೆ. ಪಾಸ್ಕಾಲಿಸ್ ಅವರೂ ಸಂಗಡಿಗರೂ 2002ರಲ್ಲಿ ತಿಳಿಸಿದಂತೆ, ಆರು ತಿಂಗಳ ಕೂಸು ಒಂದು ಮಂಗನ ಮುಖವನ್ನು ಇನ್ನೊಂದು ಮಂಗನ ಮುಖದಿಂದ ಬೇರ್ಪಡಿಸಬಲ್ಲುದು. ಒಂಬತ್ತು ತಿಂಗಳ ಕೂಸಿಗೂ ವಯಸ್ಕರಿಗೂ ಆ ಪ್ರಯೋಗದಲ್ಲಿ ಅದು ಸಾಧ್ಯವಾಗಲಿಲ್ಲ. ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು 2007ರಲ್ಲಿ ಇಂತಹದೇ ಸಂಗತಿಯನ್ನು ಮಾನವ ಮುಖಗಳಲ್ಲಿ ಕಂಡರು. ಮೂರು ತಿಂಗಳ ಬ್ರಿಟಿಷ್ ಬಿಳಿಯ ಶಿಶುಗಳು ತಮ್ಮವರ, ಆಫ್ರಿಕದವರ, ಚೀನೀಯರ, ಮಧ್ಯಪ್ರಾಚ್ಯದವರ ಮುಖಗಳೆಲ್ಲವನ್ನೂ ಒಂದರಿಂದೊಂದು ಬೇರ್ಪಡಿಸಿದವು; ಒಂಬತ್ತು ತಿಂಗಳ ಶಿಶುಗಳು ತಮ್ಮವರ ಮುಖಗಳನ್ನು ಮಾತ್ರ ಬೇರ್ಪಡಿಸಿದವು. ಇದು ದ್ವೇಷವಲ್ಲ, ಬಳಕೆಯ ಫಲ. ಪರಿಚಯವಿಲ್ಲದ ಲಿಪಿಯ ಅಕ್ಷರಗಳೆಲ್ಲವೂ ಓದಲಾರದವನಿಗೆ ಒಂದೇ ತೆರನಾಗಿ ತೋರುವಂತೆ, ಕಂಡರಿಯದ ಜನರೆಲ್ಲರೂ ಒಂದೇ ಅಚ್ಚಿನಲ್ಲಿ ಎರಕವಾದಂತೆ ತೋರುತ್ತಾರೆ.

ಈ ನಷ್ಟವನ್ನು ತಡೆಯಲೂ ಸಾಧ್ಯ. ಲೀಸಾ ಸ್ಕಾಟ್ ಮತ್ತು ಅಲೆಕ್ಸಾಂಡ್ರಾ ಮಾನೆಸನ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ತಿಂಗಳಿಂದ ಒಂಬತ್ತು ತಿಂಗಳವರೆಗೆ ತಂದೆತಾಯಿಗಳು ಕೂಸುಗಳಿಗೆ ಮಂಗಗಳ ಚಿತ್ರಪುಸ್ತಕವನ್ನು ತೋರಿಸಿದರು. ಕೆಲವರು ಪ್ರತಿಯೊಂದು ಮಂಗಕ್ಕೂ ಬೇರೆ ಬೇರೆ ಹೆಸರು ಹೇಳಿದರು. ಕೆಲವರು ಎಲ್ಲವನ್ನೂ ‘ಮಂಗ’ ಎಂದೇ ಕರೆದರು. ಉಳಿದವರು ಹೆಸರನ್ನೇ ಹೇಳದೆ ತೋರಿಸಿದರು. ಒಂಬತ್ತು ತಿಂಗಳಾದಾಗ, ಬೇರೆ ಬೇರೆ ಹೆಸರು ಕೇಳಿದ ಕೂಸುಗಳಲ್ಲಿ ಮಾತ್ರ ಮಂಗಗಳ ಮುಖಗಳನ್ನು ಬೇರ್ಪಡಿಸುವ ಶಕ್ತಿ ಉಳಿದಿತ್ತು. ನೋಟದ ಜೊತೆಗೆ ಹೆಸರು ಸೇರಿದಾಗಲೇ ವ್ಯಕ್ತಿಯು ಗುಂಪಿನಿಂದ ಬೇರೆಯಾಗಿ ನಿಲ್ಲುತ್ತಾನೆಂಬ ಈ ಅಂಶವು ಶಿಕ್ಷಕರಾದವರು ಮನನ ಮಾಡತಕ್ಕದ್ದು.

ಹೀಗೆ ಅರಿವು ನೋಟದಿಂದ ಬೆಳೆಯುವುದಾದರೆ, ಮೊದಲ ತಿಂಗಳುಗಳಲ್ಲಿ ನೋಟವೇ ಇಲ್ಲದ ಕೂಸಿನ ಗತಿಯೇನು? ಈ ಪ್ರಶ್ನೆಯು ವಿಷಯದ ಹೃದಯವನ್ನು ಮುಟ್ಟುತ್ತದೆ. ಕೆಲವು ಶಿಶುಗಳು ಎರಡೂ ಕಣ್ಣುಗಳಲ್ಲಿ ಪೊರೆಯಿಟ್ಟುಕೊಂಡೇ ಹುಟ್ಟುತ್ತವೆ. ಕೆನಡಾದ ಡ್ಯಾಫ್ನಿ ಮೌರರ್ ಮತ್ತು ಅವರ ಸಂಗಡಿಗರು ಇಂತಹ 14 ಜನರನ್ನು ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಅವರಿಗೆ ಎರಡರಿಂದ ಆರು ತಿಂಗಳೊಳಗೆ ಚಿಕಿತ್ಸೆಯಾಗಿ, ಪರೀಕ್ಷೆಯ ವೇಳೆಗೆ ಒಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅವರು ಲೋಕವನ್ನು ಕಂಡಿದ್ದರು. ಎರಡು ಮುಖಗಳಲ್ಲಿ ಕಣ್ಣು ಬಾಯಿಗಳ ಆಕಾರವೇ ಬೇರೆಯಾಗಿದ್ದರೆ ಅವರು ಇತರರಂತೆಯೇ ಭೇದವನ್ನು ಕಂಡರು; ಅವಯವಗಳ ನಡುವಿನ ಅಂತರ ಮಾತ್ರ ಬೇರೆಯಾಗಿದ್ದರೆ ಇತರರಿಗಿಂತ ಹಿಂದೆಬಿದ್ದರು. ಮೊದಲ ಕೆಲವೇ ತಿಂಗಳುಗಳ ಕತ್ತಲೆಯಿಂದಾದ ಕೊರತೆಯನ್ನು ಅನಂತರದ ಒಂಬತ್ತು ವರ್ಷಗಳ ಬೆಳಕೂ ಪೂರ್ಣವಾಗಿ ತುಂಬಿರಲಿಲ್ಲ. ಮುಂದೆ 2003ರಲ್ಲಿ ಅದೇ ತಂಡದವರು, ಎಡಗಣ್ಣಿನಲ್ಲಿ ಮಾತ್ರ ಹುಟ್ಟುಪೊರೆಯಿದ್ದವರಿಗೆ ಈ ಕೊರತೆಯುಂಟಾಗುತ್ತದೆ, ಬಲಗಣ್ಣಿನಲ್ಲಿ ಮಾತ್ರ ಇದ್ದವರಿಗೆ ಉಂಟಾಗದು ಎಂದು ತೋರಿಸಿದರು. ಶೈಶವದಲ್ಲಿ ಎಡಗಣ್ಣು ಕಂಡುದು ಬಹುಮಟ್ಟಿಗೆ ಮೆದುಳಿನ ಬಲಭಾಗಕ್ಕೆ ಸಾಗುತ್ತದೆ. ಮುಖಗಳ ಅರಿವಿನಲ್ಲಿ ಹೆಚ್ಚಿನ ಪಾತ್ರ ಆ ಬಲಭಾಗದ್ದೇ. ಬಿತ್ತನೆಗೆ ಹದವಿರುವಂತೆ ಮೆದುಳಿಗೂ ಹದವುಂಟು. ಹದ ತಪ್ಪಿದ ಬೆಳೆ ಪೂರ್ಣವಾಗಿ ಕೈಗೆ ಬರುವುದಿಲ್ಲ.

ಹಾಗೆಂದು ಕಾಲ ಮೀರಿದವರ ವಿಷಯದಲ್ಲಿ ಕೈಚೆಲ್ಲಿ ಕುಳಿತುಕೊಳ್ಳಬೇಕಾದುದಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪವನ್ ಸಿನ್ಹಾ ಅವರು ಈ ಶತಮಾನದ ಮೊದಲ ದಶಕದಲ್ಲಿ ‘ಪ್ರಕಾಶ್’ ಎಂಬ ಯೋಜನೆಯನ್ನು ಆರಂಭಿಸಿದರು. ಹುಟ್ಟುಪೊರೆಯಿಂದ ಕುರುಡಾಗಿ ಬೆಳೆದ ಉತ್ತರ ಭಾರತದ ಹಳ್ಳಿಗಳ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ, ಅವರ ದೃಷ್ಟಿಯ ಬೆಳವಣಿಗೆಯನ್ನು ಅಭ್ಯಸಿಸುವುದು ಅದರ ಉದ್ದೇಶ. ಹಲವು ವರ್ಷ ಕತ್ತಲೆಯಲ್ಲಿ ಕಳೆದ ಈ ಮಕ್ಕಳು ಕಟ್ಟು ಬಿಚ್ಚಿದ ಹೊಸತರಲ್ಲಿ ಮುಖ ಯಾವುದು, ಮುಖವಲ್ಲದ್ದು ಯಾವುದು ಎಂದು ಸರಿಯಾಗಿ ಹೇಳಲಾರದವರಾಗಿದ್ದರು. ತಿಂಗಳುಗಳು ಕಳೆದಂತೆ ಅದನ್ನು ಕಲಿತುಕೊಂಡರು. 2017ರಲ್ಲಿ ಪ್ರಕಟವಾದ ಈ ಫಲಿತಾಂಶವು ತಡವಾಗಿ ಬಂದ ಬೆಳಕೂ ವ್ಯರ್ಥವಲ್ಲವೆಂದು ಸಾರುತ್ತದೆ. ಆದರೆ ಹೊತ್ತಿಗೆ ಬಂದ ಬೆಳಕಿಗೆ ಅದು ಸಮಾನವಾಗಲಾರದು.

ಆದುದರಿಂದ ಪ್ರತಿಯೊಂದು ಮನೆಯೂ ತಿಳಿದಿರಬೇಕಾದ ಕೆಲವು ಮಾತುಗಳಿವೆ. ಕೂಸಿನ ಕಣ್ಣಿನ ಪಾಪೆಯು ಕಪ್ಪಾಗಿರದೆ ಬೆಳ್ಳಗೆ ಅಥವಾ ಮಬ್ಬಾಗಿ ಕಂಡರೆ ಒಂದು ದಿನವನ್ನೂ ಕಳೆಯದೆ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ‘ದೊಡ್ಡದಾದ ಮೇಲೆ ನೋಡೋಣ’ ಎಂಬ ಮಾತು ಇಲ್ಲಿ ಸಲ್ಲದು. ದಟ್ಟವಾದ ಹುಟ್ಟುಪೊರೆಯನ್ನು ಸಾಧ್ಯವಾದರೆ ಆರರಿಂದ ಎಂಟು ವಾರಗಳೊಳಗೆ ತೆಗೆಸುವುದು ಉತ್ತಮವೆಂದು ವೈದ್ಯರ ಅಭಿಮತ. ಬೆಳ್ಳಗಿನ ಪಾಪೆಯು ಕಣ್ಣಿನೊಳಗಿನ ಗೆಡ್ಡೆಯ ಚಿಹ್ನೆಯೂ ಆಗಿರಬಹುದಾದುದರಿಂದ ಅಲಕ್ಷ್ಯವು ಪ್ರಾಣಕ್ಕೇ ಸಂಚಕಾರ ತಂದೀತು. ಎರಡು ಮೂರು ತಿಂಗಳಾದರೂ ಕೂಸು ಮುಖವನ್ನು ನೋಡದಿದ್ದರೆ, ಮುಖ ನೋಡಿ ನಗದಿದ್ದರೆ, ಆಗಲೂ ತೋರಿಸಬೇಕು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಮೆಯಾದ ಶಿಶುಗಳ ಅಕ್ಷಿಪಟಲವನ್ನು ಹುಟ್ಟಿದ ಮೂವತ್ತು ದಿನಗಳೊಳಗೆ ಪರೀಕ್ಷಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಿಂದ ಕರ್ನಾಟಕದ ಜಿಲ್ಲೆಗಳ ಶಿಶುಗಳಿಗಾಗಿ ಇಂತಹ ತಪಾಸಣೆಯನ್ನು ಕೈಗೊಂಡಿತು. ಕೇಂದ್ರ ಸರ್ಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಪೊರೆಯ ತಪಾಸಣೆಯೂ ಸೇರಿದೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಶಿಶುವಿಗೆ ಹುಟ್ಟುಪೊರೆ ಬರುವ ಸಂಭವವುಂಟು. ಇದನ್ನು ತಡೆಯಲು ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮೊದಲಾಯಿತು. ಕೂಸಿನ ಕಣ್ಣೊಳಗೆ ಕಾಡಿಗೆ ತೀಡುವುದು ಸೋಂಕಿಗೆ ಎಡೆಗೊಡುತ್ತದೆ. ದೃಷ್ಟಿಬೊಟ್ಟು ಬೇಕೆನ್ನುವವರು ಅದನ್ನು ಪಾದದ ಮೇಲಿಟ್ಟು ತೃಪ್ತರಾಗಬಹುದು.

ಶಿಶುವಿನ ಈ ವೃತ್ತಾಂತವು ಶಾಲೆಗೂ ಒಂದು ಪಾಠವನ್ನು ಹೇಳುತ್ತದೆ. ಮಠದ ಪ್ರಸಾದನಿಲಯಕ್ಕೆ ಹತ್ತಾರು ಊರುಗಳಿಂದ, ನಾನಾ ಮನೆತನಗಳಿಂದ ಮಕ್ಕಳು ಬಂದು ಸೇರುತ್ತಾರೆ. ಮೊದಲ ದಿನ ಎಲ್ಲರೂ ಒಂದೇ ಸಮವಸ್ತ್ರದ ಒಂದು ಗುಂಪು. ಶಿಕ್ಷಕನು ಹೆಸರು ಹಿಡಿದು ಕರೆದು, ಮುಖವೆತ್ತಿ ನೋಡಿದಾಗಲೇ ಒಬ್ಬೊಬ್ಬ ಬಾಲಕನೂ ಬಾಲಕಿಯೂ ಬೇರೆ ಬೇರೆ ಜೀವವಾಗಿ ಕಾಣುತ್ತಾರೆ. ಬಂದವರನ್ನು ಹೊರಗಿನವರೆಂದು ಬಗೆಯದೆ ತಮ್ಮವರೆಂದೇ ಕಾಣಬೇಕೆಂಬುದು ಬಸವಾದಿ ಶರಣರ ಬೋಧೆ. ಕಂಡು ಬಳಸಿದವರ ಮುಖಗಳನ್ನೇ ಕಣ್ಣು ಅರಿಯುತ್ತದೆಂದು ವಿಜ್ಞಾನವು ಹೇಳುವುದಾದರೆ, ಎಳೆಯ ವಯಸ್ಸಿನಲ್ಲಿಯೇ ಎಲ್ಲ ಬಗೆಯ ಜನರ ಸಹವಾಸವನ್ನು ಮಕ್ಕಳಿಗೆ ಒದಗಿಸುವುದು ಆ ಬೋಧೆಯನ್ನು ಆಚರಣೆಗೆ ತರುವ ಒಂದು ಮಾರ್ಗ. ಹುಟ್ಟಿದ ಕೂಸು ಮಸುಕುಗಣ್ಣಿನಿಂದಲೇ ಮನುಷ್ಯನ ಮುಖವನ್ನು ಅರಸುತ್ತದೆ. ಆ ಕಣ್ಣನ್ನು ಕಾಪಾಡಿ, ಅದರ ಎದುರಿಗೆ ಅಕ್ಕರೆಯ ಮುಖವಾಗಿ ನಿಲ್ಲುವುದು ಹಿರಿಯರೆಲ್ಲರ ಹೊಣೆ.